ಮನೆಯಂಗಳದ ಆಲೂಗಡ್ಡೆಗೆ ಕಜ್ಜಿ ರೋಗ: ಬಯಲುಸೀಮೆಯಲ್ಲಿ ತಡೆಯುವ ಬಗೆ

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ ಎಂದೊಡನೆ ನೆನಪಾಗುವುದು ಪಾಂಡ್ಯ ಅರಸರ ಕೋಟೆ, ಬೆಟ್ಟದ ಮೇಲಿನ ಉಚ್ಚಂಗೆಮ್ಮನ ಗುಡಿ ಮತ್ತು ಭರತ ಹುಣ್ಣಿಮೆಯ ಜಾತ್ರೆ. ಸುತ್ತಲಿನ ಸೀಮೆಯ ಹೊಲಗಳಲ್ಲಿ ಕಾಣುವುದು ಮೆಕ್ಕೆಜೋಳ, ಜೋಳ, ಶೇಂಗಾ, ಈರುಳ್ಳಿ. ಆಲೂಗಡ್ಡೆ ಈ ಭಾಗದ ಹೊಲದ ಬೆಳೆಯಲ್ಲ. ಸಂತೆಗೆ ಹೊರಗಿನಿಂದ ಬರುವ ಸರಕು. ರಾಜ್ಯದಲ್ಲಿ ಅದನ್ನು ಹೆಚ್ಚಾಗಿ ಬೆಳೆಯುವುದು ಹಾಸನ, ಚಿಕ್ಕಮಗಳೂರು, ಕೋಲಾರ, ಚಿಕ್ಕಬಳ್ಳಾಪುರ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳಲ್ಲಿ.

ಹಾಗೆಂದು ಬಯಲುಸೀಮೆಯ ಮನೆಯ ಹಿತ್ತಲಲ್ಲಿ ಆಲೂಗಡ್ಡೆ ಬೆಳೆಯಲಾರದು ಎಂದೇನೂ ಇಲ್ಲ. ಚಳಿಗಾಲದ ಮೂರು ತಿಂಗಳು ಈ ಭಾಗದ ರಾತ್ರಿಗಳು ಸಾಕಷ್ಟು ತಂಪಾಗಿರುತ್ತವೆ. ಅಂಗಳದ ಮಡಿ, ತಾರಸಿಯ ಚೀಲ, ಒಡೆದ ಬಕೆಟ್ಟು ಯಾವುದಾದರೂ ಸರಿ, ನಾಲ್ಕಾರು ಗಿಡ ಬೆಳೆಸಿ ಮನೆಯ ಪಲ್ಯಕ್ಕಾಗುವಷ್ಟು ಗಡ್ಡೆ ಕೀಳಬಹುದು. ಆದರೆ ಮೂರು ತಿಂಗಳು ನೀರೆರೆದು ಕೊನೆಗೆ ಮಣ್ಣು ಕೆದಕಿದಾಗ ನುಣುಪಾದ ಗಡ್ಡೆಗಳ ಬದಲು ಕಂದು ಬಣ್ಣದ ಒರಟು ಹಕ್ಕಳೆ ಹೊತ್ತ ಗಡ್ಡೆಗಳು ಸಿಕ್ಕರೆ ಬೆಳೆದವರ ಉತ್ಸಾಹ ಕುಗ್ಗುವುದು ಸಹಜ. ಇದೇ ಆಲೂಗಡ್ಡೆಯ ಕಜ್ಜಿ ರೋಗ. ಹುರುಕು ರೋಗ, ಸ್ಕ್ಯಾಬ್ ಎಂಬ ಹೆಸರುಗಳೂ ಇದಕ್ಕೆ ಇವೆ.

ಈ ರೋಗದ ವಿಷಯದಲ್ಲಿ ಮುಖ್ಯವಾಗಿ ಗಮನಿಸಬೇಕಾದ ಒಂದು ಸಂಗತಿ ಇದೆ. ಒಲೆಯ ಬೂದಿ, ಮೊಟ್ಟೆಯ ಸಿಪ್ಪೆಯ ಪುಡಿ, ಹಸಿ ಸಗಣಿ, ಮಿತವಾದ ನೀರು ಮುಂತಾಗಿ ಕೈತೋಟದವರು ಒಳ್ಳೆಯದೆಂದು ನಂಬಿ ಮಾಡುವ ಹಲವು ಕೆಲಸಗಳು ಆಲೂಗಡ್ಡೆಯ ಮಟ್ಟಿಗೆ ಕಜ್ಜಿಯನ್ನು ಹೆಚ್ಚಿಸುತ್ತವೆ. ಏಕೆಂಬುದನ್ನು ತಿಳಿಯಲು ರೋಗದ ಮೂಲವನ್ನು ನೋಡಬೇಕು.

ರೋಗಕ್ಕೆ ಕಾರಣವೇನು?

ಕಜ್ಜಿ ರೋಗವನ್ನು ಉಂಟುಮಾಡುವುದು ಶಿಲೀಂಧ್ರವಲ್ಲ, ಮಣ್ಣಿನಲ್ಲಿ ವಾಸಿಸುವ ಒಂದು ದುಂಡಾಣು. ಅದರ ಹೆಸರು ಸ್ಟ್ರೆಪ್ಟೊಮೈಸಿಸ್ ಸ್ಕೇಬೀಸ್. ಇದರ ಹತ್ತಿರದ ಬಂಧುಗಳಾದ ಇನ್ನೂ ಕೆಲವು ಪ್ರಭೇದಗಳು ಇದೇ ರೋಗವನ್ನು ತರುತ್ತವೆ. ಅಮೆರಿಕದ ಸಸ್ಯರೋಗ ವಿಜ್ಞಾನಿ ರೋಲೆಂಡ್ ಥ್ಯಾಕ್ಸ್ಟರ್ 1890ರ ಸುಮಾರಿಗೆ ಕಜ್ಜಿಗೆ ಸೂಕ್ಷ್ಮಜೀವಿಯೇ ಕಾರಣ ಎಂಬುದನ್ನು ತೋರಿಸಿಕೊಟ್ಟರು. ಈ ದುಂಡಾಣು ಸ್ರವಿಸುವ ವಿಷವಸ್ತುವಿಗೆ ಅವರ ನೆನಪಿನಲ್ಲಿಯೇ ಥ್ಯಾಕ್ಸ್ಟೊಮಿನ್ ಎಂದು ಹೆಸರಿಡಲಾಗಿದೆ.

ಸ್ಟ್ರೆಪ್ಟೊಮೈಸಿಸ್ ಕುಲದ ಜೀವಿಗಳೆಲ್ಲವೂ ಕೆಟ್ಟವಲ್ಲ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಮಣ್ಣಿನ ವಾಸನೆಗೆ ಮುಖ್ಯ ಕಾರಣ ಇವೇ. ಕ್ಷಯ ರೋಗಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆತದ್ದೂ ಇದೇ ಕುಲದ ಇನ್ನೊಂದು ಪ್ರಭೇದದಿಂದ. ಇವು ಮಣ್ಣಿನ ಸಹಜ ನಿವಾಸಿಗಳು; ಬೆಳೆ ಇಲ್ಲದಿದ್ದರೂ ಕೊಳೆತ ಕಸಕಡ್ಡಿಯನ್ನು ತಿಂದು ವರ್ಷಗಟ್ಟಲೆ ಬದುಕಬಲ್ಲವು. ಆದ್ದರಿಂದ ಒಮ್ಮೆ ಮಣ್ಣಿಗೆ ಸೇರಿದ ಕಜ್ಜಿಯ ದುಂಡಾಣುವನ್ನು ಪೂರ್ತಿ ಇಲ್ಲವಾಗಿಸುವುದು ಕಷ್ಟ. ಅದಕ್ಕೆ ಅನುಕೂಲವಾದ ಸ್ಥಿತಿಯನ್ನು ತಪ್ಪಿಸುವುದೇ ನಮ್ಮ ಕೈಯಲ್ಲಿರುವ ಮಾರ್ಗ.

ಆಲೂಗಡ್ಡೆ ವಾಸ್ತವವಾಗಿ ಬೇರಲ್ಲ, ನೆಲದೊಳಗಿನ ಕಾಂಡದ ತುದಿ ಉಬ್ಬಿ ಆದದ್ದು. ಎಳೆಯ ಗಡ್ಡೆಯ ಮೇಲೆ ಉಸಿರಾಟದ ಸಣ್ಣ ರಂಧ್ರಗಳಿರುತ್ತವೆ. ದುಂಡಾಣು ಒಳನುಗ್ಗುವುದು ಮುಖ್ಯವಾಗಿ ಈ ರಂಧ್ರಗಳ ಮೂಲಕ. ಅದು ಬಿಡುವ ವಿಷವು ಬೆಳೆಯುತ್ತಿರುವ ಜೀವಕೋಶಗಳ ಭಿತ್ತಿ ಕಟ್ಟುವ ಕೆಲಸಕ್ಕೆ ಅಡ್ಡಿಪಡಿಸುತ್ತದೆ. ಗಡ್ಡೆ ತನ್ನನ್ನು ರಕ್ಷಿಸಿಕೊಳ್ಳಲು ಆ ಜಾಗದ ಸುತ್ತ ಬೆಂಡಿನಂಥ ಪದರ ಕಟ್ಟುತ್ತದೆ. ನಾವು ಕಾಣುವ ಹಕ್ಕಳೆ ಅದೇ. ಗಡ್ಡೆ ದಪ್ಪವಾದಂತೆ ಹಕ್ಕಳೆಯೂ ಅಗಲವಾಗುತ್ತದೆ. ಸಿಪ್ಪೆ ಬಲಿತ ಮೇಲೆ ಹೊಸದಾಗಿ ರೋಗ ತಗುಲುವುದಿಲ್ಲ. ಅಂದರೆ ಗಡ್ಡೆ ಕಟ್ಟಲು ಆರಂಭವಾದ ದಿನದಿಂದ ಸುಮಾರು ನಾಲ್ಕರಿಂದ ಆರು ವಾರಗಳ ಅವಧಿಯಲ್ಲಿಯೇ ಬೆಳೆಯ ಹಣೆಬರಹ ನಿರ್ಧಾರವಾಗುತ್ತದೆ.

ತೊಂದರೆಯೆಂದರೆ ಈ ಅವಧಿಯಲ್ಲಿ ಗಿಡದ ಮೇಲ್ಭಾಗದಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಎಲೆ ಹಸಿರಾಗಿರುತ್ತದೆ, ಗಿಡ ಸೊಂಪಾಗಿ ಬೆಳೆಯುತ್ತದೆ. ರೋಗ ಕಣ್ಣಿಗೆ ಬೀಳುವುದು ಕಿತ್ತ ದಿನವೇ.

ಹಾಸನದ ಸಲಹೆ ಇಲ್ಲಿಗೆ ಸಾಲದು

ಆಲೂಗಡ್ಡೆ ರೋಗಗಳ ಬಗ್ಗೆ ಕನ್ನಡದಲ್ಲಿ ದೊರೆಯುವ ಮಾಹಿತಿ ಬಹುಪಾಲು ಹಾಸನದ ಮುಂಗಾರು ಬೆಳೆಗೆ ಸಂಬಂಧಿಸಿದ್ದು. ಅಲ್ಲಿ ರೈತರನ್ನು ಹಣ್ಣುಮಾಡುವ ರೋಗ ಅಂಗಮಾರಿ. ಮೋಡ ಮುಸುಕಿದ ವಾತಾವರಣ, ಜಿಟಿಜಿಟಿ ಮಳೆ, ಎಲೆಯ ಮೇಲಿನ ತೇವ ಅದಕ್ಕೆ ಕಾರಣ. ಆದ್ದರಿಂದ ನೀರು ನಿಲ್ಲದಂತೆ ನೋಡಿಕೊಳ್ಳಿ, ಶಿಲೀಂಧ್ರನಾಶಕ ಸಿಂಪಡಿಸಿ ಎಂಬುದೇ ಅಲ್ಲಿನ ಮುಖ್ಯ ಸಲಹೆ.

ಕಜ್ಜಿ ಇದಕ್ಕೆ ಬಹುತೇಕ ವಿರುದ್ಧ ಸ್ವಭಾವದ ರೋಗ. ಅದಕ್ಕೆ ಬೇಕಾದುದು ಒಣ ಮಣ್ಣು, ಬೆಚ್ಚನೆಯ ನೆಲ, ಸುಣ್ಣದ ಅಂಶ. ಮಣ್ಣಿನ ರಸಸಾರ 5.2ರಿಂದ 8ರವರೆಗೆ ಇದ್ದಾಗ ರೋಗ ಕಾಣಿಸಿಕೊಳ್ಳುತ್ತದೆ. ಅದಕ್ಕಿಂತ ಹುಳಿಯಾದ ಮಣ್ಣಿನಲ್ಲಿ ಬಹಳ ಕಡಿಮೆ. ರಸಸಾರದ ಅಳತೆಯಲ್ಲಿ 7 ಎಂದರೆ ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಬಳ್ಳಾರಿ, ವಿಜಯನಗರ, ದಾವಣಗೆರೆ ಜಿಲ್ಲೆಗಳ ಎರೆ ಭೂಮಿ ಸಾಮಾನ್ಯವಾಗಿ ಕ್ಷಾರದ ಕಡೆಗಿರುತ್ತದೆ. ಕೆಂಪು ಮಸಾರಿ ಮಣ್ಣು ಅಷ್ಟು ಕ್ಷಾರವಲ್ಲದಿದ್ದರೂ ನೀರನ್ನು ಬಹಳ ಹೊತ್ತು ಹಿಡಿದಿಡುವುದಿಲ್ಲ. ಮೇಲಾಗಿ ಗಡಸು ನೀರಿನ ಕೊಳವೆಬಾವಿಯಿಂದ ದಿನವೂ ಎರೆಯುತ್ತ ಹೋದರೆ ಚೀಲದ ಮಣ್ಣಿನ ರಸಸಾರ ಮೆಲ್ಲಗೆ ಏರುತ್ತದೆ. ಹೀಗಾಗಿ ಒಣಸೀಮೆಯ ಕೈತೋಟದಲ್ಲಿ ಅಂಗಮಾರಿಗಿಂತ ಕಜ್ಜಿಯ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು.

ಕಜ್ಜಿಯೋ, ಬೇರೆಯೋ?

ಸಿಪ್ಪೆಯ ಮೇಲಿನ ಎಲ್ಲ ಕಲೆಗಳೂ ಕಜ್ಜಿಯಲ್ಲ. ಕಜ್ಜಿಯ ಗುರುತು ಕಂದು ಬಣ್ಣದ, ಬೆಂಡಿನಂತೆ ಒರಟಾದ ಹಕ್ಕಳೆ. ಕೆಲವೊಮ್ಮೆ ಅದು ಉಬ್ಬಿರುತ್ತದೆ, ಕೆಲವೊಮ್ಮೆ ಚಪ್ಪಟೆಯಾಗಿರುತ್ತದೆ, ಉಲ್ಬಣಿಸಿದಾಗ ಗುಳಿ ಬಿದ್ದಿರುತ್ತದೆ. ಕೆಳಗಿನ ತಿರುಳು ಮಾತ್ರ ಗಟ್ಟಿಯಾಗಿಯೇ ಇರುತ್ತದೆ.

ಸಿಪ್ಪೆಯ ಮೇಲೆ ಮಣ್ಣು ಅಂಟಿದಂತೆ ಕಾಣುವ, ತೊಳೆದರೆ ಹೋಗದ, ಉಗುರಿನಿಂದ ಕೆರೆದರೆ ಉದುರುವ ಕರಿಯ ಚುಕ್ಕೆಗಳಿದ್ದರೆ ಅದು ಶಿಲೀಂಧ್ರದಿಂದ ಬರುವ ಬೇರೊಂದು ರೋಗ. ಗಡ್ಡೆಯೊಳಗೆ ಸುರಂಗ ಕೊರೆದು ಕಣ್ಣುಗಳ ಬಳಿ ಹಿಕ್ಕೆ ತುಂಬಿದ್ದರೆ ಅದು ಗಡ್ಡೆ ಕೊರೆಯುವ ಪತಂಗದ ಹುಳುವಿನ ಕೆಲಸ. ಅಗಲವಾಗಿ ಕೆರೆದು ತಿಂದ ಗುಂಡಿಗಳಿದ್ದರೆ ಗೊಣ್ಣೆ ಹುಳುವನ್ನು ಸಂಶಯಿಸಬೇಕು. ಬಿಳಿಯ, ಮೃದುವಾದ ಸಣ್ಣ ಗುಳ್ಳೆಗಳು ಮೈತುಂಬ ಎದ್ದಿದ್ದರೆ ಅದು ರೋಗವೇ ಅಲ್ಲ. ನೀರು ಅತಿಯಾಗಿ ಉಸಿರಾಟದ ರಂಧ್ರಗಳು ಹಿಗ್ಗಿವೆ ಎಂದರ್ಥ. ತಂಪಾದ, ತೇವ ಹೆಚ್ಚಿರುವ ಎತ್ತರದ ಬೆಟ್ಟ ಪ್ರದೇಶಗಳಲ್ಲಿ ಪುಡಿ ಕಜ್ಜಿ ಎಂಬ ಇನ್ನೊಂದು ರೋಗವಿದೆ. ಅದರ ಗುಳ್ಳೆ ಒಡೆದಾಗ ಕಂದು ಪುಡಿ ಉದುರುತ್ತದೆ. ಅದು ನೀರು ಹೆಚ್ಚಾದಷ್ಟೂ ಹೆಚ್ಚುವ ರೋಗವಾದ್ದರಿಂದ ಮುಂದೆ ಹೇಳುವ ನೀರಿನ ಕ್ರಮ ಅದಕ್ಕೆ ಅನ್ವಯಿಸುವುದಿಲ್ಲ.

ಬಿತ್ತನೆ ಗಡ್ಡೆಯ ಆಯ್ಕೆ

ತಡೆಯುವ ಕೆಲಸ ಆರಂಭವಾಗುವುದು ಬಿತ್ತನೆ ಗಡ್ಡೆಯಿಂದ. ಅಡುಗೆಮನೆಯ ಬುಟ್ಟಿಯಲ್ಲಿ ಮೊಳಕೆಯೊಡೆದ ಗಡ್ಡೆಯನ್ನು ಮಣ್ಣಿಗೆ ಹಾಕುವುದು ಸಾಮಾನ್ಯ ರೂಢಿ. ಅದರಲ್ಲಿ ಹಕ್ಕಳೆಯಿದ್ದರೆ ಶುದ್ಧವಾದ ಮಣ್ಣಿಗೆ ರೋಗವನ್ನು ನಾವೇ ತಂದಂತಾಗುತ್ತದೆ. ನುಣುಪು ಗಡ್ಡೆಯೂ ಕಣ್ಣಿಗೆ ಕಾಣದ ರೂಪದಲ್ಲಿ ಕಜ್ಜಿಯನ್ನೋ ದುಂಡಾಣು ಸೊರಗು ರೋಗವನ್ನೋ ಹೊತ್ತಿರಬಹುದು. ಆದ್ದರಿಂದ ಸಾಧ್ಯವಾದಷ್ಟೂ ಪ್ರಮಾಣೀಕೃತ ಬಿತ್ತನೆ ಗಡ್ಡೆಯನ್ನೇ ತರಬೇಕು. ರಾಜ್ಯದಲ್ಲಿ ಹೆಚ್ಚು ಬಳಕೆಯಲ್ಲಿರುವ ತಳಿ ಕುಫ್ರಿ ಜ್ಯೋತಿ. 1949ರಲ್ಲಿ ಪಟ್ನಾದಲ್ಲಿ ಸ್ಥಾಪನೆಯಾಗಿ 1956ರಲ್ಲಿ ಶಿಮ್ಲಾಕ್ಕೆ ಸ್ಥಳಾಂತರಗೊಂಡ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ತಳಿ ಇದು. ಕಜ್ಜಿ ಸ್ವಲ್ಪವೂ ತಗುಲದ ತಳಿ ಎಂಬುದು ಇಲ್ಲ. ಕೆಲವು ಹೆಚ್ಚು ತಡೆಯುತ್ತವೆ, ಕೆಲವು ಕಡಿಮೆ.

ಇನ್ನೊಂದು ದಾರಿಯೂ ಇದೆ. ಅಂಗಾಂಶ ಕೃಷಿಯಿಂದ ಪಡೆದ ತಾಯಿಗಿಡಗಳ ಕುಡಿಗಳಿಗೆ ಬೇರು ಬರಿಸಿ ಮಾಡಿದ ಸಸಿಗಳು ಹಾಸನ, ಕೋಲಾರದ ಕಡೆ ಕೆಲವು ವರ್ಷಗಳಿಂದ ಬಳಕೆಗೆ ಬಂದಿವೆ. ಹೊಲದ ಮಣ್ಣಿನ ಗಡ್ಡೆಯ ಸಂಪರ್ಕವಿಲ್ಲದ ಕಾರಣ ಇವುಗಳ ಮೂಲಕ ಕಜ್ಜಿ ಬರುವ ಭಯ ಕಡಿಮೆ.

ಮೊಟ್ಟೆಯ ಗಾತ್ರದ ಇಡೀ ಗಡ್ಡೆಗಳನ್ನು ನೆಡುವುದು ಲೇಸು. ಕತ್ತರಿಸಿ ನೆಟ್ಟರೆ ಗಾಯದ ಮೂಲಕ ಕೊಳೆ ರೋಗಗಳು ಸೇರುತ್ತವೆ. ಬಿತ್ತನೆ ಗಡ್ಡೆಯ ಮೇಲಿನ ರೋಗಾಣುವನ್ನು ತಗ್ಗಿಸಲು ಬೋರಿಕ್ ಆಮ್ಲದ ಶೇ 3ರ ದ್ರಾವಣದಲ್ಲಿ, ಅಂದರೆ ಲೀಟರ್ ನೀರಿಗೆ 30 ಗ್ರಾಂ ಪ್ರಮಾಣದಲ್ಲಿ, ಅರ್ಧ ಗಂಟೆ ಅದ್ದಿ ನೆರಳಿನಲ್ಲಿ ಒಣಗಿಸುವ ಕ್ರಮ ನಮ್ಮ ದೇಶದಲ್ಲಿ ಶಿಫಾರಸಿನಲ್ಲಿದೆ. ಇದನ್ನು ಮೊಳಕೆ ಒಡೆಯುವ ಮುನ್ನವೇ ಮಾಡಬೇಕು. ಹೀಗೆ ಉಪಚರಿಸಿದ ಗಡ್ಡೆಯನ್ನು ಯಾವ ಕಾರಣಕ್ಕೂ ತಿನ್ನಬಾರದು, ದನಕರುಗಳಿಗೂ ಹಾಕಬಾರದು. ಪುಡಿ ಮತ್ತು ದ್ರಾವಣ ಮಕ್ಕಳ ಕೈಗೆ ಸಿಗದಂತಿರಬೇಕು. ಈ ಉಪಚಾರ ಗಡ್ಡೆಯ ಮೇಲಿನ ರೋಗಾಣುವಿಗೆ ಮಾತ್ರ. ಮಣ್ಣಿನಲ್ಲಿ ಈಗಾಗಲೇ ಇರುವುದನ್ನು ಅದು ತಡೆಯಲಾರದು.

ಮಣ್ಣು ಮತ್ತು ಗೊಬ್ಬರ

ಅಂಗಳದ ಮಣ್ಣಿನಲ್ಲಿ ಬೆಳೆಯುವವರು ಮೊದಲು ರಸಸಾರ ತಿಳಿದುಕೊಳ್ಳುವುದು ಒಳ್ಳೆಯದು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮಣ್ಣು ಪರೀಕ್ಷೆಯ ಸೌಲಭ್ಯವಿದೆ. ಉಚ್ಚಂಗಿದುರ್ಗದ ಕಡೆಯವರಿಗೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಹತ್ತಿರ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಡಿ ಹೊಲದ ಮಣ್ಣು ಪರೀಕ್ಷೆಯಾಗಿದ್ದರೆ ಆ ಚೀಟಿಯಲ್ಲಿಯೂ ರಸಸಾರ ನಮೂದಾಗಿರುತ್ತದೆ.

ಪರೀಕ್ಷೆಯಲ್ಲಿ 7.5 ಅಥವಾ 8 ಎಂದು ಬಂದರೆ ಮಣ್ಣನ್ನು ಹುಳಿಯಾಗಿಸಲು ಹೊರಡುವುದು ವ್ಯರ್ಥ ಪ್ರಯತ್ನ. ಗಂಧಕದ ಪುಡಿ ಬೆರೆಸಿದರೆ ರಸಸಾರ ಇಳಿಯುತ್ತದೆ ನಿಜ. ಆದರೆ ಅದಕ್ಕೆ ತಿಂಗಳುಗಳೇ ಬೇಕು, ಸುಣ್ಣಕಲ್ಲಿನ ಅಂಶವಿರುವ ಎರೆ ಮಣ್ಣಿನಲ್ಲಿ ಪರಿಣಾಮ ನಿಲ್ಲುವುದೂ ಇಲ್ಲ. ನಿಂಬೆರಸ, ವಿನಿಗರ್, ಹುಳಿ ಮಜ್ಜಿಗೆ ಸುರಿಯುವುದರಿಂದ ಶಾಶ್ವತ ಬದಲಾವಣೆ ಆಗುವುದಿಲ್ಲ. ಅಂಥ ಕಡೆ ಚೀಲದಲ್ಲಿ ಬೆಳೆಯುವುದೇ ಸುಲಭ. ಆಲೂಗಡ್ಡೆ ಬೆಳೆಯದ ಜಾಗದ ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ ಒಂದು ಪಾಲು, ಪೂರ್ತಿ ಕಳಿತ ಕಾಂಪೋಸ್ಟ್ ಒಂದು ಪಾಲು ಬೆರೆಸಿದರೆ ಸಾಕು. ನಾರಿನ ಪುಡಿ ಸ್ವಭಾವತಃ ಕೊಂಚ ಹುಳಿ; ಜೊತೆಗೆ ತೇವವನ್ನು ಹಿಡಿದಿಡುತ್ತದೆ. ಕಜ್ಜಿಯನ್ನು ತಡೆಯಲು ಇವೆರಡೂ ಬೇಕು. ಹದಿನೈದು ಅಂಗುಲ ಅಗಲ ಮತ್ತು ಅಷ್ಟೇ ಆಳದ ಚೀಲಕ್ಕೆ ಎರಡು ಗಡ್ಡೆ ನೆಟ್ಟರೆ ಸಾಕು.

ಆಲೂಗಡ್ಡೆಯ ಮಣ್ಣಿಗೆ ಒಲೆಯ ಬೂದಿ, ಸುಣ್ಣ, ಮೊಟ್ಟೆಯ ಸಿಪ್ಪೆಯ ಪುಡಿ ಹಾಕಬಾರದು. ಇವು ಬೇರೆ ಗಿಡಗಳಿಗೆ ಹಿತವಾಗಿರಬಹುದು; ಇಲ್ಲಿ ಕ್ಷಾರವನ್ನು ಹೆಚ್ಚಿಸಿ ರೋಗಕ್ಕೆ ನೆರವಾಗುತ್ತವೆ. ಹಸಿ ಸಗಣಿ, ಅರ್ಧ ಕಳಿತ ಕೊಟ್ಟಿಗೆ ಗೊಬ್ಬರವೂ ಸಲ್ಲದು. ಕಜ್ಜಿಯ ದುಂಡಾಣು ದನದ ಹೊಟ್ಟೆಯ ಮೂಲಕ ಹಾದರೂ ಸಾಯದೆ ಸಗಣಿಯಲ್ಲಿ ಹೊರಬರಬಲ್ಲದು ಎಂಬುದು ಬಹಳ ಹಿಂದೆಯೇ ಸಿದ್ಧಪಟ್ಟ ಸಂಗತಿ. ಆದ್ದರಿಂದ ಕಜ್ಜಿ ಹಿಡಿದ ಗಡ್ಡೆಯ ಸಿಪ್ಪೆಯನ್ನು ಹಸಿಯಾಗಿ ದನಕ್ಕೆ ಹಾಕಿ, ಅದೇ ಸಗಣಿಯನ್ನು ಮಡಿಗೆ ತರುವ ಪದ್ಧತಿ ರೋಗಕ್ಕೆ ದಾರಿ ಮಾಡಿಕೊಟ್ಟಂತೆ. ರಾಸಾಯನಿಕ ಗೊಬ್ಬರ ಬಳಸುವವರು ಸಾರಜನಕಕ್ಕಾಗಿ ಅಮೋನಿಯಂ ಸಲ್ಫೇಟ್ ಆರಿಸಿಕೊಂಡರೆ ಮಣ್ಣು ಹುಳಿಯ ಕಡೆಗೆ ವಾಲುತ್ತದೆ. ಸುಣ್ಣ ಬೆರೆತ ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟ್ ಬೇಡ.

ನಲವತ್ತು ದಿನಗಳ ನೀರು

ಕೈತೋಟದವರ ಬಳಿ ಇರುವ ಎಲ್ಲ ಉಪಾಯಗಳಲ್ಲಿ ಹೆಚ್ಚು ಫಲ ಕೊಡುವುದು ನೀರು. ಗಡ್ಡೆ ಕಟ್ಟುವ ಹೊತ್ತಿನಲ್ಲಿ ಮಣ್ಣು ತೇವವಾಗಿದ್ದರೆ ಎಳೆಯ ಗಡ್ಡೆಯ ಉಸಿರಾಟದ ರಂಧ್ರಗಳ ಬಳಿ ಬೇರೆ ನಿರುಪದ್ರವಿ ದುಂಡಾಣುಗಳು ತುಂಬಿಕೊಂಡು ಕಜ್ಜಿಯ ದುಂಡಾಣುವಿಗೆ ಜಾಗ ಕೊಡುವುದಿಲ್ಲ. ಮಣ್ಣು ಒಣಗಿದರೆ ಅವು ಹಿಂದೆ ಸರಿಯುತ್ತವೆ, ಒಣ ಸ್ಥಿತಿಯನ್ನು ತಾಳಬಲ್ಲ ಸ್ಟ್ರೆಪ್ಟೊಮೈಸಿಸ್ ಮುಂದೆ ಬರುತ್ತದೆ.

ಬಯಲುಸೀಮೆಯಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ ನೆಡುವುದು ಸೂಕ್ತ. ನೆಟ್ಟ ಸುಮಾರು 30 ದಿನಗಳಿಗೆ ನೆಲದೊಳಗಿನ ಕುಡಿಗಳ ತುದಿ ಉಬ್ಬತೊಡಗುತ್ತದೆ. ಅಲ್ಲಿಂದ 70ನೇ ದಿನದವರೆಗೆ, ಅಂದರೆ ನವೆಂಬರ್ ಹತ್ತರ ನಾಟಿಗೆ ಡಿಸೆಂಬರ್ ಹತ್ತರಿಂದ ಜನವರಿ ಇಪ್ಪತ್ತರವರೆಗೆ, ಮಣ್ಣು ಒಮ್ಮೆಯೂ ಒಣಗಬಾರದು. ಇದು ಒಣ ಗಾಳಿ ಬೀಸುವ ಕಾಲ. ಮೇಲ್ಮಣ್ಣು ಬೇಗ ಆರುತ್ತದೆ. ನಾಲ್ಕಾರು ದಿನ ಊರಿಗೆ ಹೋಗಬೇಕಾದವರು ನೀರೆರೆಯುವ ಕೆಲಸವನ್ನು ನೆರೆಯವರಿಗೆ ವಹಿಸಿಯೇ ಹೋಗಬೇಕು.

ತೇವ ಎಷ್ಟಿರಬೇಕು ಎಂಬುದಕ್ಕೆ ಕೈಯೇ ಅಳತೆ. ನಾಲ್ಕೈದು ಅಂಗುಲ ಆಳದ ಮಣ್ಣನ್ನು ಹಿಡಿಯಷ್ಟು ತೆಗೆದು ಅದುಮಿದರೆ ಉಂಡೆ ನಿಲ್ಲಬೇಕು, ಬೆರಳಿಗೆ ತಂಪು ತಗಲಬೇಕು, ನೀರು ಮಾತ್ರ ಜಿನುಗಬಾರದು. ಜಿನುಗಿದರೆ ಅತಿಯಾಯಿತು, ಗಡ್ಡೆ ಕೊಳೆಯುವ ಅಪಾಯವಿದೆ. ಚೀಲದ ತಳದಲ್ಲಿ ತೂತುಗಳಿರಲೇಬೇಕು. ವಾರಕ್ಕೊಮ್ಮೆ ಬಹಳ ನೀರು ಹಾಕುವುದಕ್ಕಿಂತ ದಿನವೂ ಬೆಳಿಗ್ಗೆ ಹದವಾಗಿ ಹಾಕುವುದು ಮೇಲು. ಮಣ್ಣಿನ ಮೇಲೆ ಒಣ ಹುಲ್ಲು, ತರಗೆಲೆ ಅಥವಾ ಶೇಂಗಾ ಹೊಟ್ಟನ್ನು ಎರಡು ಅಂಗುಲ ಹೊದಿಸಿದರೆ ತೇವವೂ ಉಳಿಯುತ್ತದೆ, ನೆಲವೂ ತಂಪಾಗಿರುತ್ತದೆ. ಗಿಡ ಬೆಳೆದಂತೆ ಬುಡಕ್ಕೆ ಮಣ್ಣು ಏರಿಸಬೇಕು. ಇಲ್ಲದಿದ್ದರೆ ಬಿಸಿಲು ತಾಗಿ ಗಡ್ಡೆ ಹಸಿರಾಗುತ್ತದೆ.

ನಗರದ ಮನೆಗಳಲ್ಲಿ ನೀರು ಶುದ್ಧೀಕರಣ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರನ್ನು ಗಿಡಗಳಿಗೆ ಹಾಕುವ ರೂಢಿ ಇದೆ. ನೀರು ಉಳಿಸುವ ದೃಷ್ಟಿಯಿಂದ ಅದು ಮೆಚ್ಚತಕ್ಕದ್ದೇ. ಆದರೆ ಅದರಲ್ಲಿ ಮೂಲ ನೀರಿಗಿಂತಲೂ ಹೆಚ್ಚು ಲವಣ ಇರುವುದರಿಂದ ಆಲೂಗಡ್ಡೆಯ ಚೀಲಕ್ಕೆ ಬೇಡ. ನಲ್ಲಿಯ ನದಿ ನೀರು ಅಥವಾ ಸಂಗ್ರಹಿಸಿದ ಮಳೆ ನೀರು ಉತ್ತಮ.

ಕಟಾವಿಗೆ ಹತ್ತು ದಿನ ಮುಂಚೆ ನೀರು ನಿಲ್ಲಿಸಬೇಕು. ಆಗ ಸಿಪ್ಪೆ ಬಲಿಯುತ್ತದೆ. ಬಲಿತ ಸಿಪ್ಪೆಗೆ ಕಜ್ಜಿ ತಗುಲದ ಕಾರಣ ಕೊನೆಯ ಈ ಒಣಗಿಸುವಿಕೆಯಿಂದ ಹಾನಿಯಿಲ್ಲ. ನವೆಂಬರ್ ಆರಂಭದಲ್ಲಿ ನೆಟ್ಟದ್ದು ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ಕೀಳಲು ಬರುತ್ತದೆ.

ರೋಗ ಬಂದ ಮೇಲೆ

ಗಡ್ಡೆಯ ಮೇಲೆ ಹಕ್ಕಳೆ ಮೂಡಿದ ಮೇಲೆ ಅದನ್ನು ವಾಸಿಮಾಡುವ ಯಾವ ಸಿಂಪಡಣೆಯೂ ಇಲ್ಲ. ಎಲೆಗೆ ಸಿಂಪಡಿಸುವ ಶಿಲೀಂಧ್ರನಾಶಕಗಳಿಂದ ಪ್ರಯೋಜನವಿಲ್ಲ, ಏಕೆಂದರೆ ಇದು ಶಿಲೀಂಧ್ರದ ರೋಗವಲ್ಲ, ನೆಲದೊಳಗಿನದು. ದುಂಡಾಣು ಎಂಬ ಕಾರಣಕ್ಕೆ ಪ್ರತಿಜೀವಕ ಔಷಧಿಗಳನ್ನು ಮಣ್ಣಿಗೆ ಸುರಿಯುವುದು ಅಪಾಯಕಾರಿ. ಮನುಷ್ಯರ ರೋಗಾಣುಗಳು ಔಷಧಿಗೆ ಬಗ್ಗದಂತಾಗಲು ಅದು ಕಾರಣವಾಗಬಲ್ಲದು. ಮಾರುಕಟ್ಟೆಯಲ್ಲಿ ದೊರೆಯುವ ಜೈವಿಕ ಪುಡಿಗಳ ಫಲಿತಾಂಶ ಒಂದೆಡೆ ಇದ್ದಂತೆ ಇನ್ನೊಂದೆಡೆ ಇರುವುದಿಲ್ಲ, ಅವನ್ನೇ ನೆಚ್ಚುವಂತಿಲ್ಲ.

ಆದರೆ ಕಿತ್ತ ಗಡ್ಡೆಗಳನ್ನು ಎಸೆಯಬೇಕಾಗಿಲ್ಲ. ಕಜ್ಜಿ ಮನುಷ್ಯರಿಗೆ ತಗುಲುವ ರೋಗವಲ್ಲ. ಚೆನ್ನಾಗಿ ತೊಳೆದು, ಸಿಪ್ಪೆಯನ್ನು ತುಸು ದಪ್ಪವಾಗಿ ಹೆರೆದು, ಗುಳಿಗಳನ್ನು ಚಾಕುವಿನ ತುದಿಯಿಂದ ತೆಗೆದರೆ ಪಲ್ಯ, ಸಾರು, ಬೋಂಡಾ ಯಾವುದಕ್ಕೂ ಬಳಸಬಹುದು. ಎಚ್ಚರ ವಹಿಸಬೇಕಾದುದು ಹಸಿರು ಬಣ್ಣಕ್ಕೆ ತಿರುಗಿದ ಭಾಗದ ಬಗ್ಗೆ. ಅದರಲ್ಲಿ ಸೊಲನಿನ್ ಎಂಬ ವಿಷಾಂಶವಿರುತ್ತದೆ. ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಹಸಿರು ಭಾಗವನ್ನು ಆಳವಾಗಿ ಕತ್ತರಿಸಿ ತೆಗೆಯಬೇಕು, ಕಹಿ ಎನಿಸಿದರೆ ಇಡೀ ಗಡ್ಡೆಯನ್ನು ಬಿಡಬೇಕು. ಕಜ್ಜಿಯ ಗಡ್ಡೆ ಬೇಗ ಸುಕ್ಕಾಗುತ್ತದೆ, ಹಕ್ಕಳೆಯ ಮೂಲಕ ಕೊಳೆಯೂ ಸೇರುತ್ತದೆ. ಆದ್ದರಿಂದ ಮೊದಲು ಅವನ್ನು ಬಳಸಿ, ನುಣುಪಾದವನ್ನು ಇಟ್ಟುಕೊಳ್ಳಬೇಕು. ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕದೆ ಕಸದ ಗಾಡಿಗೆ ಕೊಡಬೇಕು; ದನಕ್ಕೆ ಹಾಕುವುದಾದರೆ ಬೇಯಿಸಿ ಹಾಕಬೇಕು. ಒಂದನ್ನೂ ಬಿತ್ತನೆಗೆ ಉಳಿಸಬಾರದು.

ಅದೇ ಮಣ್ಣಿನಲ್ಲಿ ಮೂರು ನಾಲ್ಕು ವರ್ಷ ಆಲೂಗಡ್ಡೆ ನೆಡಬಾರದು. ಮೂಲಂಗಿ, ಬೀಟ್‌ರೂಟ್, ಗಜ್ಜರಿಗಳಿಗೂ ಈ ದುಂಡಾಣು ತಗುಲುವುದರಿಂದ ಅವೂ ಬೇಡ. ಮೆಕ್ಕೆಜೋಳ, ಈರುಳ್ಳಿ, ಬೀನ್ಸ್, ಸೊಪ್ಪುಗಳನ್ನು ಬೆಳೆಯಬಹುದು. ಬೇಸಿಗೆಯಲ್ಲಿ ತೇವಗೊಳಿಸಿದ ಮಣ್ಣಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒಂದೂವರೆ ತಿಂಗಳು ಹೊದಿಸಿದರೆ ರೋಗಾಣುಗಳ ಸಂಖ್ಯೆ ತಗ್ಗಲು ಸಹಾಯವಾಗುತ್ತದೆ. ನಿರ್ಮೂಲವಾಗುತ್ತದೆ ಎಂದು ತಿಳಿಯಬಾರದು. ಚೀಲದಲ್ಲಿ ಬೆಳೆದವರು ಆ ಮಣ್ಣನ್ನು ಹೂಗಿಡಗಳಿಗೆ ಬಳಸಿ, ಮುಂದಿನ ಚಳಿಗಾಲಕ್ಕೆ ಹೊಸ ಮಿಶ್ರಣ ಮಾಡಿಕೊಳ್ಳಬಹುದು. ಹೊಲದ ರೈತನಿಗೆ ಇಲ್ಲದ ಅನುಕೂಲ ಇದು. ಕಜ್ಜಿ ಹಿಡಿದ ಗಡ್ಡೆಗೆ ಮಂಡಿಯಲ್ಲಿ ಬೆಲೆ ಇಳಿಯುತ್ತದೆ, ಆತ ಹೊಲದ ಮಣ್ಣನ್ನು ಬದಲಿಸಲಾರ.

ಒಟ್ಟಿನಲ್ಲಿ ಮನೆಯ ಆಲೂಗಡ್ಡೆಯನ್ನು ಕಜ್ಜಿಯಿಂದ ಕಾಪಾಡಲು ದುಬಾರಿ ಔಷಧಿ ಬೇಕಿಲ್ಲ. ಶುದ್ಧವಾದ ಬಿತ್ತನೆ, ಬೂದಿ-ಸುಣ್ಣ ಸೋಕದ ಮಣ್ಣು, ಗಡ್ಡೆ ಕಟ್ಟುವ ನಲವತ್ತು ದಿನ ತಪ್ಪದ ತೇವ, ಬೆಳೆಯ ಸರದಿ ಈ ನಾಲ್ಕನ್ನು ಪಾಲಿಸಿದರೆ ಒಣಸೀಮೆಯ ಹಿತ್ತಲಲ್ಲಿಯೂ ರೋಗವನ್ನು ಬಹುಮಟ್ಟಿಗೆ ದೂರವಿಡಬಹುದು. ಒಂದೆರಡು ಗಡ್ಡೆಗೆ ಹಕ್ಕಳೆ ಬಂದರೂ ಸಿಪ್ಪೆ ಹೆರೆದರೆ ಅಡುಗೆಗೆ ಅಡ್ಡಿಯಿಲ್ಲ.